ಪಂಚಮಿಯ ಮರುದಿನದ ಪ್ರಶ್ನೆಗಳು

ಆಳಂದ
12 ಮೇ 2024

ಪ್ರೀತಿಯ ಅಣ್ಣಾ,

ಅಂಚೆಯಲ್ಲಿ ನನ್ನ ಕಾಗದ ಬಂತೆಂದು ವೈನಿ ಗಾಬರಿಯಾಗಿದ್ದರೆ ಮೊದಲು ಅವರಿಗೆ ಹೇಳು, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಇವರು ಬೀಜದ ಅಂಗಡಿಯಲ್ಲಿದ್ದಾರೆ. ಮಗಳು ಸೃಷ್ಟಿ "ಇಜೇರಿಗಿ ಯಾವಾಗ ಹೋಗೂದು" ಅಂತ ನನ್ನ ತಲೆ ತಿನ್ನುತ್ತಿದ್ದಾಳೆ. ಹೊಸ ಸುದ್ದಿ ಎಂದರೆ ಈ ವಯಸ್ಸಿನಲ್ಲಿ ನಿನ್ನ ತಂಗಿ ಮತ್ತೆ ಸಾಲಿಗೆ ಸೇರಿದ್ದಾಳೆ. ನಗಬೇಡ!

ನಮ್ಮ ಓಣಿಯ ವಾಚನಾಲಯದಲ್ಲಿ ಮುಮತಾಜ ಟೀಚರ್ ಅಂತ ನಿವೃತ್ತ ಕನ್ನಡ ಶಿಕ್ಷಕಿ ಭಾನುವಾರಕ್ಕೊಮ್ಮೆ ಬರೆಯುವುದನ್ನು ಕಲಿಸುತ್ತಾರೆ. ಪಾಠ ಕಡಿಮೆ, ಅಭ್ಯಾಸ ಜಾಸ್ತಿ. ಮೊದಲ ವಾರ ಅಡುಗೆಮನೆಯನ್ನು ಬರೀ ವಾಸನೆ, ಸಪ್ಪಳದಲ್ಲಿ ಬರೆಯಲು ಹೇಳಿದರು. ನಾನು ಒಗ್ಗರಣೆಯ ಮೇಲೆ ಎರಡು ಪುಟ ಬರೆದುಕೊಂಡು ಹೋದೆ. "ಕೈ ಛಲೋ ಅದರಿ ವಿದ್ಯಾವತಿ. ಆದರ ಎಲ್ಲಾ ಘಮಘಮ ಅಂತೇ ಬರದೀರಿ. ನಿಮ್ಮ ಮನ್ಯಾಗ ಎಂದೂ ಏನೂ ಸೀದಿಲ್ಲೇನ್ರಿ?" ಎಂದು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಈ ವಾರದ ಅಭ್ಯಾಸ ಹೀಗಿದೆ. ಬದುಕಿನ ಒಂದೇ ಒಂದು ದಿನ ಆರಿಸಿಕೊಂಡು ಪೂರ್ತಿ ಬರೆಯಬೇಕು. ನೆನಪಿಲ್ಲದ್ದನ್ನು ಕಟ್ಟಿ ಬರೆಯಬಾರದು, ಆ ದಿನ ಜೊತೆಗಿದ್ದವರನ್ನು ಕೇಳಬೇಕು. ಕೇಳುವುದೂ ಪತ್ರದಲ್ಲೇ. "ಫೋನಿನ್ಯಾಗ ಮಂದಿ ಬಾಯಿಗಿ ಬಂದದ್ದು ಅಂತಾರ, ಬರೀವಾಗ ನೆನಸ್ಕೊಂಡು ಬರೀತಾರ" ಅನ್ನುವುದು ಟೀಚರ್ ಮಾತು. ನಾನು ಆರಿಸಿದ್ದು ಯಾವ ದಿನ ಗೊತ್ತೇ? ಐದು ವರ್ಷದ ಹಿಂದೆ, ನಾಗರ ಪಂಚಮಿಯ ಮರುದಿನ. ಅಪ್ಪ ಸತ್ತ ಮೇಲಿನ ಮೊದಲ ಪಂಚಮಿ ಅದು. ಅಪ್ಪನ ಜೊತೆ ತವರೂ ಹೋಯಿತು ಅಂತ ಅಳುತ್ತ ಬಂದಿದ್ದೆ ನಾನು. ಮರುದಿನ ನೀನು "ಹೊಲದ ಕಾಗದದಾಗ ಅಪ್ಪನ ಹೆಸರ ತೆಗದು ಅವ್ವನ ಹೆಸರ ಸೇರಿಸೂದದ, ನಿಂದೊಂದು ಸಹಿ ಬೇಕು" ಎಂದು ಮಾಳಿಂಗಪ್ಪನ ಜೀಪಿನಲ್ಲಿ ನನ್ನನ್ನೂ ಅವ್ವನನ್ನೂ ಜೇವರ್ಗಿಗೆ ಕರೆದುಕೊಂಡು ಹೋದೆ. ಸಹಿ ಆದಮೇಲೆ ಮೂವರೂ ಮಿರ್ಚಿ ಭಜಿ ತಿಂದೆವು. ತವರು ಎಲ್ಲೂ ಹೋಗಿಲ್ಲ ಅಂತ ನನಗೆ ಧೈರ್ಯ ಬಂದದ್ದು ಆವತ್ತೇ.

ಈಗ ಹೇಳು. ಜೀಪಿನಲ್ಲಿ ಮುಂದೆ ಕೂತಿದ್ದು ಯಾರು? ಅವ್ವನ ತೊಡೆಯ ಮೇಲೆ ಏನಿತ್ತು? ಮಳೆ ಇತ್ತೇ? ಕಚೇರಿಯಲ್ಲಿ ನಾವು ಎಷ್ಟು ಹೊತ್ತು ಕಾದೆವು? ಭಜಿ ಯಾರು ಹೆಚ್ಚು ತಿಂದರು ಅಂತ ಕೇಳುವುದಿಲ್ಲ, ಅದು ನನಗೆ ಗೊತ್ತು.

ನಿನ್ನ
ವಿದ್ಯಾ

*

ಇಜೇರಿ
20 ಮೇ 2024

ವಿದ್ಯಾವತಿಗೆ,

ಕಾಗದ ತಲುಪಿತು. ಅವ್ವ ಆರಾಮ ಇದ್ದಾಳೆ.

ನೀನು ಕೇಳಿದ ದಿನದ ಬಗ್ಗೆ ನನಗೆ ಏನೂ ನೆನಪಿಲ್ಲ. ಅಂದು ನಡೆದದ್ದೆಲ್ಲ ಕಾಯದೆ ಪ್ರಕಾರವೇ ನಡೆದಿದೆ, ಸಾಕ್ಷಿದಾರರೂ ಇದ್ದಾರೆ. ನೀನು ಸಂತೋಷದಿಂದಲೇ ಬಂದು ಸಹಿ ಮಾಡಿದ್ದಾಗಿ ನಿನ್ನ ಕೈಯಿಂದಲೇ ಬರೆದಿದ್ದೀಯ. ಆ ಕಾಗದವನ್ನು ನಾನು ಜೋಪಾನವಾಗಿ ತೆಗೆದಿಟ್ಟಿದ್ದೇನೆ.

ಈ ಟೀಚರ್ ಯಾರು? ಅವರ ಮನೆಯಲ್ಲಿ ಯಾರಾದರೂ ವಕೀಲಿ ಮಾಡುತ್ತಾರೆಯೇ? ನಿನ್ನನ್ನು ಅಲ್ಲಿಗೆ ಸೇರಿಸಿದ್ದು ಯಾರು? ಇಷ್ಟು ದಿನ ಇಲ್ಲದ್ದು ಈಗಲೇ ಯಾಕೆ ನೆನಪಾಯಿತು? ಫೋನು ಮಾಡದೆ ಪತ್ರ ಬರೆದದ್ದು ಒಳ್ಳೆಯದಾಯಿತು, ಈಗಿನ ಕಾಲದಲ್ಲಿ ಎಲ್ಲರೂ ರೆಕಾರ್ಡ್ ಮಾಡುತ್ತಾರೆ.

ಮಹೇಶಕುಮಾರ

*

ಆಳಂದ
27 ಮೇ 2024

ಅಣ್ಣಾ,

ನಿನ್ನ ಪತ್ರ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಕೇಳಿದ್ದು ಮಳೆ ಇತ್ತೇ ಅಂತ. ನೀನು ಸಾಕ್ಷಿದಾರರಿದ್ದಾರೆ ಅಂತೀ! ಮಳೆಗೂ ಸಾಕ್ಷಿ ಬೇಕೇನೋ ಮಾರಾಯ?

ಟೀಚರ್ ಮನೆಯಲ್ಲಿ ವಕೀಲರಿಲ್ಲ, ಎರಡು ಬೆಕ್ಕಿವೆ. ಕ್ಲಾಸಿನಲ್ಲಿ ಹೊಲಿಗೆ ಅಂಗಡಿಯ ಗುಲನಾಜ ಇದ್ದಾಳೆ, ಬಸ್ ಕಂಡಕ್ಟರ್ ಆಗಿದ್ದ ದಾವಲಸಾಬ ಇದ್ದಾರೆ, ಕಾಲೇಜಿನ ನಾಲ್ಕು ಹುಡುಗಿಯರಿದ್ದಾರೆ. ನನ್ನನ್ನು ಸೇರಿಸಿದ್ದು ಗುಲನಾಜ, ಜಂಪರು ಹೊಲಿಸಲು ಹೋದಾಗ. ಇನ್ನೇನು ಬೇಕು, ಅವರ ಆಧಾರ ಕಾರ್ಡು ಕಳಿಸಲೇ?

ಸರಿ, ಚೇಷ್ಟೆ ಸಾಕು. ಇನ್ನೊಂದು ಅಭ್ಯಾಸ ಕೊಟ್ಟಿದ್ದಾರೆ. ಅದೇ ದಿನವನ್ನು ನಿಧಾನ ಮಾಡಿ ಬರೆಯಬೇಕು, ಒಂದೊಂದು ನಿಮಿಷಕ್ಕೆ ಒಂದೊಂದು ಪುಟ. ಹಾಗೆ ಬರೆಯುತ್ತ ಕೂತಾಗ ಒಂದು ಸಂಗತಿ ನೆನಪಾಯಿತು. ಕಚೇರಿಯವರು ಕಾಗದ ನನ್ನ ಮುಂದಿಟ್ಟು "ಓದೀರೇನಮ್ಮಾ?" ಅಂದರು. ನಾನು ನಿನ್ನ ಮುಖ ನೋಡಿದೆ. ನೀನು ಕಿಟಕಿಯ ಕಡೆ ನೋಡುತ್ತಿದ್ದೆ. ನಾನು "ಹೌದ್ರಿ" ಅಂದೆ. ಖರೆ ಹೇಳಬೇಕೆಂದರೆ ಓದಿರಲಿಲ್ಲ. ಒಡಹುಟ್ಟಿದವನು ಬದಿಯಲ್ಲಿ ನಿಂತಿರುವಾಗ ಕಾಗದ ಎತ್ತಿ ಓದಿದರೆ ಅವನ ಮೇಲೆ ಅನುಮಾನ ಪಟ್ಟಂತೆ ಆಗುವುದಿಲ್ಲವೇ? ನಾಚಿಕೆಯಾಗಿ ಓದಲಿಲ್ಲ. ಆ ಹೊತ್ತಿನಲ್ಲಿ ನೀನು ಕಿಟಕಿಯಲ್ಲಿ ಏನು ನೋಡುತ್ತಿದ್ದೆ? ಅದನ್ನೊಂದು ಬರೆದು ಕಳಿಸು, ನನ್ನ ಪುಟ ಅಲ್ಲಿಗೇ ನಿಂತಿದೆ.

ವಿದ್ಯಾ

*

ಇಜೇರಿ
5 ಜೂನ್ 2024

ವಿದ್ಯಾವತಿ,

ಇವು ಕನ್ನಡ ಟೀಚರ್ ಕೇಳುವ ಪ್ರಶ್ನೆಗಳಲ್ಲ, ವಕೀಲರು ಕೇಳುವ ಪ್ರಶ್ನೆಗಳು. ಯಾರು ಎಲ್ಲಿ ನಿಂತಿದ್ದರು, ಯಾರು ಏನು ಕೇಳಿದರು, ಯಾರು ಎತ್ತ ನೋಡಿದರು! ನಾನೇನು ಕಣ್ಣಿಲ್ಲದವನೇ?

ಕಳೆದ ಭಾನುವಾರ ಮಾಳಿಂಗಪ್ಪ ಬಾಡಿಗೆಯ ಮೇಲೆ ಆಳಂದಕ್ಕೆ ಬಂದಿದ್ದ. ವಾಚನಾಲಯ ನೋಡಿಕೊಂಡು ಬಾ ಎಂದಿದ್ದೆ. "ಕೀಲಿ ಹಾಕಿತ್ರಿ, ಒಂದು ನರಪಿಳ್ಳೆ ಇದ್ದಿದ್ದಿಲ್ಲ" ಎಂದು ಬಂದು ಹೇಳಿದ. ಭಾನುವಾರ ಕ್ಲಾಸು ಅಂತ ಬರೆದವಳು ನೀನೇ. ಹಾಗಾದರೆ ಭಾನುವಾರ ನೀನು ಎಲ್ಲಿಗೆ ಹೋಗುತ್ತೀ, ಯಾರ ಮುಂದೆ ಕೂತು ಬರೆಯುತ್ತೀ?

ನಿನ್ನ ಮನೆಯವರು ಕಲ್ಲಿನಾಥರಿಗೆ ಬೀಜದ ಅಂಗಡಿ ದೊಡ್ಡದು ಮಾಡುವ ಹುರುಪು ಇದೆ ಅಂತ ಕೇಳಿದ್ದೇನೆ. ಅವರು ಕೇಳಿಸುತ್ತಿದ್ದರೆ ನೇರವಾಗಿ ನನ್ನನ್ನೇ ಕೇಳಲಿ. ಹೆಂಗಸಿನ ಕೈಯಲ್ಲಿ ಪೆನ್ನು ಕೊಟ್ಟು ಹಿಂದೆ ನಿಲ್ಲುವುದು ಬೇಡ.

ಮಹೇಶಕುಮಾರ

*

ಆಳಂದ
13 ಜೂನ್ 2024

ಅಣ್ಣನಿಗೆ,

ಆ ಭಾನುವಾರ ವಾಚನಾಲಯಕ್ಕೆ ಸುಣ್ಣ ಹಚ್ಚಿ, ಒಣಗಲಿ ಅಂತ ಕೀಲಿ ಹಾಕಿದ್ದರು, ಕ್ಲಾಸು ಟೀಚರ್ ಮನೆಯಲ್ಲಾಯಿತು. ಮಾಳಿಂಗಪ್ಪ ಪಕ್ಕದ ಚಹಾದ ಅಂಗಡಿಯಲ್ಲಿ ಕೇಳಿದ್ದರೂ ಹೇಳುತ್ತಿದ್ದರು. ನನ್ನ ಮನೆಯೂ ಅಲ್ಲಿಂದ ಹತ್ತು ಹೆಜ್ಜೆ. ಬಂದು ನೀರು ಕುಡಿದು ಹೋಗಬಹುದಿತ್ತು.

ಇವರ ಮೇಲೆ ಸುಮ್ಮನೆ ಹಾಯಬೇಡ. "ಅಣ್ಣಗ ಅಷ್ಟೇನ ಬರ್ಯಾಕತ್ತಿ? ನನ್ನ ಮ್ಯಾಲೇನರೆ ಚಾಡಿ ಅದ ಏನ್ ಅದರಾಗ?" ಅಂತ ಇವರೂ ನನ್ನನ್ನೇ ಕೇಳುತ್ತಿದ್ದಾರೆ. ನಿನ್ನ ಪತ್ರಗಳನ್ನು ಜೋಳದ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಇವರಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ.

ಅಭ್ಯಾಸ ನಡೆದಿದೆ. ಸದ್ಯ ಇಷ್ಟೇ.

ವಿದ್ಯಾವತಿ

*

ಇಜೇರಿ
24 ಜೂನ್ 2024

ಪ್ರೀತಿಯ ತಂಗಿ ವಿದ್ಯಾಗೆ ಅಣ್ಣನ ಆಶೀರ್ವಾದಗಳು.

ಹಿಂದಿನ ಪತ್ರದಲ್ಲಿ ಸ್ವಲ್ಪ ಬಿರುಸಾಗಿ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ತೊಗರಿ ಬಿತ್ತನೆಯ ಗಡಿಬಿಡಿ, ತಲೆ ಬಿಸಿಯಾಗಿರುತ್ತದೆ. ನೀನು ಬರೆಯುವುದು ನಮಗೆಲ್ಲ ಹೆಮ್ಮೆ. ಅಪ್ಪ ಇದ್ದಿದ್ದರೆ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಈ ಸಲ ಪಂಚಮಿಗೆ ಎಂಟು ದಿನ ಮೊದಲೇ ಬಾ. ಸೃಷ್ಟಿಗೆ ಹೊಸ ಹಗ್ಗದ ಜೋಕಾಲಿ ಕಟ್ಟಿಸುತ್ತೇನೆ. ನಿನ್ನ ವೈನಿ ಶೇಂಗಾ ಹೋಳಿಗೆ ಮಾಡಿದ್ದಾಳೆ, ಮಾಳಿಂಗಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನ ಹತ್ತಿರ ಒಂದು ಸಣ್ಣ ಕಾಗದವೂ ಇದೆ. ಹಳೆಯದರ ಮುಂದುವರಿಕೆ, ಮತ್ತೇನಿಲ್ಲ. ಕೆಳಗೆ ಪೆನ್ಸಿಲಿನಿಂದ ಗುರುತು ಹಾಕಿದಲ್ಲಿ ಸಹಿ ಮಾಡಿ ಅವನ ಕೈಗೇ ವಾಪಸ್ ಕೊಟ್ಟುಬಿಡು. ಕಲ್ಲಿನಾಥರಿಗೆ ತೊಂದರೆ ಕೊಡುವುದು ಬೇಡ.

ನಿನ್ನ ಅಣ್ಣ
ಮಹೇಶ

*

ಆಳಂದ
2 ಜುಲೈ 2024

ಶ್ರೀ ಮಹೇಶಕುಮಾರ ಅವರಿಗೆ,

ಹೋಳಿಗೆ ಮುಟ್ಟಿದವು. ಮಾಳಿಂಗಪ್ಪನಿಗೆ ಊಟ ಹಾಕಿ, ಖಾಲಿ ಡಬ್ಬಿ ಕೊಟ್ಟು ಕಳಿಸಿದೆ. ಕಾಗದ ನನ್ನ ಹತ್ತಿರವೇ ಇದೆ. "ಸಹಿ ಆಗಿಲ್ರಿ ಅಕ್ಕಾರ" ಅಂತ ಅವನು ಬಾಗಿಲಲ್ಲಿ ಹೊಯ್ದಾಡಿದ. "ಓದಬೇಕಲ್ಲೋ ಮಾಳಿಂಗಪ್ಪಾ" ಅಂದೆ.

ಓದಿದೆ. ಅಪ್ಪನ ಹಳ್ಳದ ದಂಡೆಯ ಹೊಲವನ್ನು ಸೋಲಾರ್ ಕಂಪನಿಗೆ ಮಾರುತ್ತಿದ್ದೀ. ನನಗೆ ಅದರಲ್ಲಿ ಯಾವ ಹಕ್ಕೂ ಇಲ್ಲ, ಮುಂದೆಯೂ ಕೇಳುವುದಿಲ್ಲ ಅಂತ ನಾನು ಬರೆದುಕೊಡಬೇಕು. ನನ್ನ ಮೊದಲ ಪತ್ರ ಬಂದ ಹೊತ್ತಿಗೇ ಕಂಪನಿಯವರು ನಿನ್ನ ಮನೆಗೆ ತಿರುಗುತ್ತಿದ್ದರಂತೆ, ಅದನ್ನೂ ಮಾಳಿಂಗಪ್ಪ ಉಣ್ಣುತ್ತ ಹೇಳಿದ. ನಾನು ಮಳೆಯ ಸುದ್ದಿ ಕೇಳಿದಾಗ ನೀನು ಯಾಕೆ ಬೆವತೆ ಅಂತ ಈಗ ತಿಳಿಯಿತು.

ಇನ್ನೊಂದು ಮಾತು. ಜೂನ್ ಹತ್ತರಂದು ನಾನು ಜೇವರ್ಗಿಗೆ ಹೋಗಿ, ಅರ್ಜಿ ಬರೆದು, ಐದು ವರ್ಷದ ಹಿಂದಿನ ಕಾಗದದ ನಕಲು ಕೇಳಿದ್ದೆ. ನಿನಗೆ ಹೇಳಲಿಲ್ಲ. ಸುಳ್ಳಾದರೆ ಸಾಕು ಅಂತ ದಿನಾ ಬಸವಣ್ಣನಿಗೆ ಕೈಮುಗಿದೆ. ಬಂತು. ಅಪ್ಪನ ಹೆಸರು ತೆಗೆದು ಅವ್ವನ ಹೆಸರು ಸೇರಿಸುವ ಮಾತು ಅದರಲ್ಲಿ ಎಲ್ಲೂ ಇಲ್ಲ. "ಸ್ವಖುಷಿಯಿಂದ, ಓದಿ ತಿಳಿದುಕೊಂಡು, ನನ್ನ ಪಾಲಿನ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ" ಅಂತಿದೆ. ಕೆಳಗೆ ನನ್ನ ಸಹಿ, ದುಂಡಗೆ. ಓದಲು ಬಾರದವಳಾಗಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಅಡುಗೆಮನೆಯಲ್ಲಿ ಕೂತು ಅತ್ತೆ.

ಈ ವಾರದ ಅಭ್ಯಾಸ, ಅದೇ ದಿನವನ್ನು ಇನ್ನೊಬ್ಬರ ಬಾಯಿಂದ ಹೇಳಿಸಬೇಕು. ನಾನು ನಿನ್ನ ಬಾಯಿಂದ ಹೇಳಿಸಿದ್ದೇನೆ. ಟೀಚರ್‌ಗೆ ತೋರಿಸಿಲ್ಲ. ಅವರು ಕೇಳಿದಾಗ, ಬರೆಯಲಾಗಲಿಲ್ಲ ಅಂತ ಸುಳ್ಳು ಹೇಳಿದೆ. ನೀನೇ ಓದು. ತಪ್ಪಿದ್ದಲ್ಲಿ ತಿದ್ದಿ ಕಳಿಸು.

"ನಾ ಮಹೇಶಕುಮಾರ. ಅಪ್ಪ ಸತ್ತು ಆರು ತಿಂಗಳಾಗಿತ್ತು. ಕಾಯದೆ ಬದಲಾಗ್ಯಾದ, ಹೆಣ್ಣಮಕ್ಕಳೂ ಪಾಲು ಕೇಳಾಕತ್ಯಾರ ಅಂತ ಮಂದಿ ಅಂದ್ರು. ತಂಗಿ ಕೇಳಿದ್ದಿಲ್ಲ, ಆದರೂ ನಂಗ ಅಂಜಿಕಿ ಬಂತು. ಪಂಚಮಿಗಿ ಅಕಿ ಬರ್ತಾಳ, ಅಳುಮಾರಿ ಇರ್ತಾಳ, ಆಗ ಏನ್ ಕೇಳಿದ್ರೂ ಹೂಂ ಅಂತಾಳ ಅಂತ ನಂಗ ಗೊತ್ತಿತ್ತು. ಅವ್ವಗ ಹೇಳಿದ್ದಿಲ್ಲ. ಪಾಪ, ಅಕಿ ಜೀಪಿನ್ಯಾಗ ಸುಮ್ನ ಕುಂತಿದ್ಳು, ಅಕಿಗಿ ಏನೂ ಗೊತ್ತಿದ್ದಿಲ್ಲ. ಕಚೇರ್ಯಾಗ 'ಓದೀರೇನಮ್ಮಾ' ಅಂದಾಗ ತಂಗಿ ನನ್ನ ಮಾರಿ ನೋಡಿದ್ಳು. ನಾ ಕಿಟಕಿ ಕಡಿ ನೋಡಿದೆ. ಕಿಟಕ್ಯಾಗ ಏನೂ ಇದ್ದಿದ್ದಿಲ್ಲ."

ವಿದ್ಯಾವತಿ

*

ಇಜೇರಿ
14 ಜುಲೈ 2024

ವಿದ್ಯಾ,

ನಿನ್ನ ಬರಹ ತಿರುಗಿ ಕಳಿಸುತ್ತಿದ್ದೇನೆ. ಮೂರು ಸಲ ಹರಿದುಹಾಕಬೇಕು ಅಂತ ಕೈಗೆ ತಗೊಂಡೆ, ಆಗಲಿಲ್ಲ. ಒಂದೇ ಕಡೆ ಗೀಟು ಹಾಕಿದ್ದೇನೆ ನೋಡು. "ಅಕಿಗಿ ಏನೂ ಗೊತ್ತಿದ್ದಿಲ್ಲ" ಅಂತ ಬರೆದಿರುವೆಯಲ್ಲ, ಅದು ತಪ್ಪು.

ಅವ್ವನಿಗೆ ಗೊತ್ತಿತ್ತು. ಹೇಳಿದ್ದೇ ಅವಳು.

ಮಹೇಶ

*

ಆಳಂದ
20 ಜುಲೈ 2024

ಅಣ್ಣಾ,

ನಿನ್ನ ಎರಡು ಸಾಲು ಓದಿ ಎರಡು ದಿನ ಒಲೆ ಹಚ್ಚಲಿಲ್ಲ. ಕಡೆಗೆ ಇವರಿಗೆ ಡಬ್ಬಿ ತೆಗೆದು ಎಲ್ಲ ಪತ್ರ ಕೊಟ್ಟೆ. ಒಂದೊಂದಾಗಿ ಓದಿದರು. ಆಮೇಲೆ "ಚಹಾ ನಾ ಮಾಡ್ತೇನಿ, ಕುಂಡ್ರು" ಅಂದರು.

ನಾನು ನಂಬುವುದಿಲ್ಲ. ಅವ್ವನಿಗೆ ಓದು ಬರಹ ಬರುವುದಿಲ್ಲ, ತನ್ನ ಪರವಾಗಿ ಒಂದು ಸಾಲು ಬರೆಯಲಾರಳು. ತಪ್ಪನ್ನು ಅವಳ ತಲೆಗೆ ಕಟ್ಟುವುದು ನಿನಗೆ ಎಷ್ಟು ಸಲೀಸು! ಫೋನಿನಲ್ಲಿ ಕೇಳೋಣವೆಂದರೆ ಅದು ನಿನ್ನ ಕೈಯಲ್ಲೇ ಇರುತ್ತದೆ, ಸ್ಪೀಕರಿಗೆ ಹಾಕಿ ಬದಿಯಲ್ಲೇ ಕೂಡುತ್ತೀ.

ಅದಕ್ಕೆ ನಿನಗೊಂದು ಅಭ್ಯಾಸ ಕೊಡುತ್ತೇನೆ. ಅವ್ವನ ಮುಂದೆ ಕೂಡು. ಆ ದಿನದ ಬಗ್ಗೆ ಕೇಳು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆ, ತಿದ್ದಬೇಡ, ಚೆಂದ ಮಾಡಬೇಡ. ಅವ್ವನ ಮಾತು ಯಾವುದು, ನೀನು ಸೇರಿಸಿದ್ದು ಯಾವುದು ಅಂತ ನಾನು ಗುರುತು ಹಿಡಿಯುತ್ತೇನೆ.

ವಿದ್ಯಾ

*

ಇಜೇರಿ
29 ಜುಲೈ 2024

ವಿದ್ಯಾ,

ನೀನು ಹೇಳಿದಂತೆ ಮಾಡಿದ್ದೇನೆ.

"ಬರ್ಕೋ. ನಾ ಅಂದಂಗ ಬರ್ಕೋ, ನಿನ್ನ ಶ್ಯಾಣ್ಯಾತನ ಹಾಕಬ್ಯಾಡ. ಹೌದು ವಿದ್ಯಾ, ನಂಗ ಗೊತ್ತಿತ್ತು. ನಾನೇ ಹೇಳ್ದೆ. ಇವಾ ಒಲ್ಲೆ ಅಂದಾ, ಅಕಿಗಿ ಹೇಳಿ ಮಾಡೋಣು ಅಂದಾ. ನಾನೇ ಬ್ಯಾಡ ಅಂದೆ. ಸುಮಿತ್ರಾಬಾಯಿ ದೊಡ್ಡವ್ವನ ನೆನಪದ ಏನ್ ನಿಂಗ? ನಮ್ಮಕ್ಕ, ಅಫಜಲಪುರ ಕಡಿ ಸೊನ್ನ ಊರಿಗಿ ಕೊಟ್ಟಿತ್ತು. ಅಕಿ ಕೋರ್ಟಿಗಿ ಹೋಗಿ ನಮ್ಮ ತವರ್ಮನಿ ಯಡ್ರಾಮಿ ಹೊಲದಾಗ ಪಾಲು ತಗೊಂಡ್ಳು. ಗೆದ್ದಳು, ಖರೆ. ಆ ವರ್ಷದಿಂದ ನಮ್ಮಣ್ಣ ಅಕಿಗಿ ಪಂಚಮಿಗಿ ಕರೀಲಿಲ್ಲ. ಹನ್ನೊಂದು ವರ್ಷ. ಪಂಚಮಿ ದಿನ ಬಾಗಲಾ ಹಾಕ್ಕೊಂಡು ಒಳಗ ಕುಂಡ್ರತಿದ್ಳು, ಮಂದಿ ಕೇಳ್ತಾರಂತ. ಅಕಿ ಸತ್ತಾಗ ನಾ ಹೋಗಿದ್ದೆ. ಎಲ್ಲಾ ತಯಾರಿ ಆಗಿತ್ತು, ತವರ್ಮನಿ ಸೀರಿ ಬರ್ಲಿ, ಆಮ್ಯಾಗ ಮಣ್ಣಿಗಿ ಒಯ್ಯೋಣು ಅಂತ ಕಾದ್ರು. ಹೊತ್ತ ಮುಣಗೂತನಾ ಕಾದ್ರು. ಬರ್ಲಿಲ್ಲ. ಕಡೀಕ ನಾನೇ ಬಜಾರದಿಂದ ಒಂದು ಸೀರಿ ತರ್ಸಿ, ಅಣ್ಣ ಕಳ್ಸ್ಯಾನ ಅಂತ ಸುಳ್ಳ ಹೇಳಿ ಹೊಚ್ಚಿದೆ. ನಿಂಗ ಹಂಗ ಆಗಬಾರ್ದಂತ ಹೀಂಗ ಮಾಡ್ದೆ. ಹೇಳಿ ಮಾಡಬೇಕಿತ್ತು. ಹೇಳಿದ್ರ ನೀ ಹೂಂ ಅಂತೀ ಅಂತ ಗೊತ್ತಿತ್ತು. ಒಂದ್ಯಾಳೆ ಉಹೂಂ ಅಂದ್ರ ಏನ್ ಮಾಡ್ಲಿ ಅಂತ ಅಂಜಿದೆ. ಸಾಕು ಬಿಡಪ್ಪಾ, ಕೈ ನೋಯ್ತಾವ ನಿಂದು."

ಇಷ್ಟು ಹೇಳಿ ಎದ್ದು ಒಳಗೆ ಹೋದಳು. ಓದಿ ಹೇಳಲೇ ಎಂದೆ, ಬೇಡ ಅಂದಳು.

ಒಂದು ಸಂಗತಿ ಅವ್ವ ನಿನಗೆ ಹೇಳಿಲ್ಲ. ನಾನು ಒಲ್ಲೆ ಅಂದದ್ದು ಒಂದೇ ದಿನ. ಮರುದಿನ ಬೆಳಿಗ್ಗೆ ನಾನೇ ಹೋಗಿ ಕಾಗದ ಬರೆಸಿಕೊಂಡು ಬಂದೆ. ಅವ್ವ ಹೇಳಿದ್ದಾಳೆ ಅಂತ ನನಗೆ ಅನುಕೂಲವಾಯಿತು.

ಕಂಪನಿಯವರು ಹದಿನೈದನೇ ತಾರೀಖಿನೊಳಗೆ ನಿನ್ನ ಸಹಿ ಕೇಳಿದ್ದಾರೆ. ಏನು ಮಾಡುತ್ತೀ?

ಮಹೇಶ

*

ಆಳಂದ
3 ಆಗಸ್ಟ್ 2024

ಅಣ್ಣಾ,

"ಕೈ ನೋಯ್ತಾವ ನಿಂದು" ಅನ್ನುವುದನ್ನು ನೀನು ಕಟ್ಟಿ ಬರೆಯಲಾರೆ. ಅದು ಅವ್ವನದೇ. ಆದ್ದರಿಂದ ಉಳಿದದ್ದನ್ನೂ ನಂಬಿದೆ. ನಿನ್ನ ಕಡೆಯ ನಾಲ್ಕು ಸಾಲನ್ನು ಅದಕ್ಕೂ ಹೆಚ್ಚು ನಂಬಿದೆ, ಯಾಕೆಂದರೆ ಅವನ್ನು ಬರೆಯಬೇಕೆಂದು ನಿನ್ನನ್ನು ಯಾರೂ ಕೇಳಿರಲಿಲ್ಲ.

ಅವ್ವನ ಮೇಲೆ ಸಿಟ್ಟಿದೆ. ದೊಡ್ಡವ್ವನ ಸುದ್ದಿಯನ್ನು ಇವರಿಗೂ ಓದಿ ಹೇಳಿದೆ, ಆದರೂ ಸಿಟ್ಟು ಹೋಗಿಲ್ಲ. ಹೊಲ ಬೇಕೋ ತವರು ಬೇಕೋ ಅಂತ ನೀವಿಬ್ಬರೂ ನನ್ನ ಪರವಾಗಿ ಆರಿಸಿಬಿಟ್ಟಿರಿ. ನನ್ನನ್ನೇ ಕೇಳಿದ್ದರೆ, ಖರೆ ಹೇಳುತ್ತೇನೆ, ಆವತ್ತು ತವರು ಅಂತಲೇ ಅನ್ನುತ್ತಿದ್ದೆ. ಓದಿಯೇ ಸಹಿ ಹಾಕುತ್ತಿದ್ದೆ. ಈಗ ಕೇಳಿದ್ದೀ. ಈಗ ನನಗೆ ಎರಡೂ ಬೇಕು.

ನಿನ್ನ ಕಾಗದಕ್ಕೆ ಸಹಿ ಹಾಕುವುದಿಲ್ಲ. ನಾನೇ ಒಂದು ಕಾಗದ ಬರೆದಿದ್ದೇನೆ. ಐದು ವರ್ಷದ ಹಿಂದಿನದನ್ನು ರದ್ದು ಮಾಡಿ ನನ್ನ ಪಾಲು ನನ್ನ ಹೆಸರಿಗೆ ಮಾಡಿಕೊಡಬೇಕು ಅಂತ. ನಿನ್ನ ಪಾಲನ್ನು ಮಾರುವುದು ಬಿಡುವುದು ನಿನ್ನಿಷ್ಟ. ಪಂಚಮಿಯ ಮರುದಿನ ಅವ್ವನ ಮುಂದೆ ಕೂತು, ಅವಳು ಬೇಡ ಅಂದರೂ, ಮೊದಲಿನಿಂದ ಕಡೆಯವರೆಗೆ ಓದಿ ಹೇಳುತ್ತೇನೆ. ಆಮೇಲೆ ಅವಳು ಹೆಬ್ಬೆಟ್ಟು ಒತ್ತಲಿ, ಒತ್ತದಿರಲಿ. ಒಪ್ಪದಿದ್ದರೆ ಕೋರ್ಟಿನ ದಾರಿ ಇದೆ, ಅದನ್ನೂ ಮುಚ್ಚಿಡುವುದಿಲ್ಲ. ನಾನು ಸತ್ತಾಗ ಸೀರೆ ಬರದಿದ್ದರೆ ಬೇಡ, ನೋಡಲು ನಾನಿರುವುದಿಲ್ಲ.

ನನ್ನನ್ನು ಕರೆಯಬೇಡ ಅನ್ನಿಸಿದರೆ ಕರೆಯಬೇಡ. ಕರೆಯದಿದ್ದರೂ ಬರುತ್ತೇನೆ, ಅದು ನನ್ನ ಮನೆಯೂ ಹೌದು. ಎಂಟನೇ ತಾರೀಖು ಮಧ್ಯಾಹ್ನದ ಬಸ್ಸಿಗೆ ನಾನೂ ಸೃಷ್ಟಿಯೂ ಇಳಿಯುತ್ತೇವೆ. ನೀನು ಬಸ್ಸಿನ ಹತ್ತಿರ ಬರದಿದ್ದರೆ ಒಂದು ರಿಕ್ಷಾ ಮಾಡಿಕೊಂಡು ಬರುತ್ತೇವೆ.

ನಿನ್ನ ತಂಗಿ
ವಿದ್ಯಾವತಿ